ವೆಲ್ಲಾ ಬೇಡವೆಂದ ಭಾನುವಾರ

ನಮ್ಮ ಆಟದ ಪುಸ್ತಕದ ಮೂರನೇ ಎಡಿಷನ್ ಇನ್ನೂ ಒಂದು ತಿಂಗಳು ಮುಂದಕ್ಕೆ ಹೋಗಿದೆ ಎಂದು ಲೋರ್ನಾ ಓದಿ ಹೇಳಿದಾಗ ಇಡೀ ಅಂಗಡಿ ‘ಅಯ್ಯೋ’ ಎಂದಿತು. ನಾನು ಎಲ್ಲರಿಗಿಂತ ಜೋರಾಗಿ ‘ಅಯ್ಯೋ’ ಎಂದೆ. ಒಳಗೊಳಗೇ ನನಗೆ ಹಬ್ಬ.

ಎದುರು ಕೂತಿದ್ದ ಮಾರಿಟ್ ಹುಬ್ಬೇರಿಸಿ ನನ್ನನ್ನೇ ನೋಡಿದಳು. ಅವಳ ಕಣ್ಣು ನಮ್ಮೂರಿನ ಸರೋವರದ ಬಣ್ಣದ್ದು, ಅಂದರೆ ದಿನಕ್ಕೊಂದು ಬಣ್ಣ. ಅವತ್ತು ತಿಳಿ ಬೂದು.

“ನೀಲ್ಸ್, ನಿನ್ನ ಮುಖ ಅಳ್ತಿದೆ, ಕಿವಿ ನಗ್ತಿದೆ.”

“ಕಿವಿ ಹೇಗೆ ನಗುತ್ತೆ?”

“ಕೆಂಪಾಗುತ್ತೆ. ನೋಡು, ಇನ್ನೂ ಜಾಸ್ತಿ ಆಯ್ತು.”

ನಾನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡೆ.

ನಾವು ಆಡುವ ಆಟದ ಹೆಸರು ‘ಕಂದೀಲು ರಾಜ್ಯ’. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟ. ನಮ್ಮೂರು ಡುಲೂತ್‌ನಲ್ಲಿ ಲೋರ್ನಾ ಅವರ ಅಂಗಡಿಯ ಹಿಂದಿನ ಮೇಜು, ಭಾನುವಾರ ಮಧ್ಯಾಹ್ನ ಎರಡು ಗಂಟೆ, ನಾಲ್ಕು ವರ್ಷದಿಂದ ಇದೇ ಪರಿಪಾಠ. ಮೂವತ್ತು ವರ್ಷ ನಾಲ್ಕನೇ ಕ್ಲಾಸಿಗೆ ಕಲಿಸಿ ರಿಟೈರ್ ಆದ ಲೋರ್ನಾ ನಮ್ಮ ಸೂತ್ರಧಾರಿಣಿ. ಹಲ್ಲಿನ ಡಾಕ್ಟರ್ ಕರ್ಟಿಸ್ ಇಲ್ಲಿ ಮಂತ್ರವಾದಿ. ಬೇಕರಿಯ ಬ್ರೆಡ್ ವ್ಯಾನ್ ಓಡಿಸುವ ನಾನು ಇಲ್ಲಿ ಗಾರೆಕ್ ಎಂಬ ವೀರ, ನೀರು ಕಂಡರೆ ಮಾತ್ರ ನಡುಗುವವನು. ಮಾರಿಟ್ ಇಲ್ಲಿ ವೆಲ್ಲಾ, ದೋಣಿ ನಡೆಸುವ ಅಂಬಿಗಿತ್ತಿ. ಹೊರಗೆ ಅವಳದು ಬಂದರಿನ ಎತ್ತುಸೇತುವೆಯ ಕೆಲಸ. ಹಡಗು ಬಂದಾಗ ಸೇತುವೆಯನ್ನು ಮೇಲೆತ್ತುತ್ತಾಳೆ, ಅದರ ನಡುವಿನ ಪುಟ್ಟ ಕೋಣೆಯಲ್ಲಿ ಕೂತು ತಾನೂ ಮೇಲೇರುತ್ತಾಳೆ.

ಯಾರ ಮಾತು ಯಾರದೆಂದು ಗೊಂದಲವಾಗಬಾರದೆಂದು ಲೋರ್ನಾ ಒಂದು ನಿಯಮ ಮಾಡಿದ್ದರು. ಪ್ರತಿಯೊಬ್ಬರ ಮುಂದೆ ಮಡಚಿ ನಿಲ್ಲಿಸಿದ ಒಂದು ರಟ್ಟಿನ ಚೀಟಿ. ಒಂದು ಬದಿಗೆ ಪಾತ್ರದ ಹೆಸರು, ಇನ್ನೊಂದು ಬದಿಗೆ ನಮ್ಮ ಹೆಸರು. ಎದುರಿನವರಿಗೆ ಯಾವ ಹೆಸರು ಕಾಣುತ್ತದೋ ಮಾತು ಅವರದು. ವೆಲ್ಲಾ ಹೇಳಿದ್ದನ್ನು ಮಾರಿಟ್ ತಲೆಗೆ ಕಟ್ಟುವಂತಿಲ್ಲ.

ವೆಲ್ಲಾ ಏನೇನು ಹೇಳಿದ್ದಾಳೆ! ಗಾರೆಕ್‌ನ ಗಾಯಕ್ಕೆ ಪಟ್ಟಿ ಕಟ್ಟುತ್ತ ‘ನೀನು ಸತ್ತರೆ ನನ್ನ ದೋಣಿಗೆ ಭಾರವೇ ಇರುವುದಿಲ್ಲ’ ಎಂದಿದ್ದಾಳೆ. ಹಿಮದ ಕೋಟೆಯಲ್ಲಿ ಅವನಿಗಾಗಿ ಮೂರು ತಿಂಗಳು ಕಾದಿದ್ದಾಳೆ. ಗಾರೆಕ್ ಅವಳಿಗೆ ಮಂಜಿನಲ್ಲಿ ಅರಳುವ ನೀಲಿ ಹೂ ತಂದುಕೊಟ್ಟಿದ್ದಾನೆ. ಅಷ್ಟು ಆದಮೇಲೆ ಅವಳು ಚೀಟಿ ತಿರುಗಿಸುತ್ತಾಳೆ, ನಾನು ಮುಂದಕ್ಕೆ ಬಾಗುತ್ತೇನೆ, ಮಾರಿಟ್ ಹೇಳುತ್ತಾಳೆ: “ಆ ಚೀಸ್ ಈ ಕಡೆ ತಳ್ಳು.”

ನಾನು ತಳ್ಳುತ್ತೇನೆ. ಅಷ್ಟೇ ನಮ್ಮ ಸಂಸಾರ.

ಮೂರನೇ ಎಡಿಷನ್ ಬಂದ ದಿನ ಹಳೇ ಕಥೆ ಮುಗಿಯಿತು ಎಂದು ಲೋರ್ನಾ ಮೊದಲೇ ಸಾರಿದ್ದರು. ನಿಯಮಗಳೇ ಬದಲಾಗುತ್ತವೆ, ಹಳೇ ಪಾತ್ರಗಳ ಹಾಳೆಗಳೆಲ್ಲ ಅವರ ಡ್ರಾಯರಿಗೆ, ಎಲ್ಲರೂ ಹೊಸಬರಾಗಬೇಕು. ಹೊಸ ಪುಸ್ತಕದಲ್ಲಿ ಅಂಬಿಗರೇ ಇಲ್ಲವಂತೆ ಎಂಬ ಗುಲ್ಲೂ ಇತ್ತು. ಕರ್ಟಿಸ್ ಮುಂಚಿತವಾಗಿ ಹೊರಬಿದ್ದ ಒಂದೊಂದು ಪುಟವನ್ನೂ ಪ್ರಿಂಟ್ ತೆಗೆದು ತರುತ್ತಿದ್ದ. ಮುಖಪುಟದ ಡ್ರ್ಯಾಗನ್‌ಗೆ ಕಾಲಿನಲ್ಲಿ ನಾಲ್ಕು ಬೆರಳೋ ಐದೋ ಎಂದು ಒಂದು ತಿಂಗಳು ವಾದ ನಡೆಯಿತು. ಊರಿನ ಆಟಗಾರರೆಲ್ಲ ದಿನ ಎಣಿಸುತ್ತಿದ್ದರು. ಅದು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಗಾರೆಕ್ ಡ್ರಾಯರು ಸೇರಿದ ಮೇಲೆ ನೀಲ್ಸ್ ಯಾವ ಬಾಯಿಂದ ಅವಳೊಡನೆ ಮಾತಾಡಬೇಕು?

ಕೊನೆಗೂ ದಿನ ಗೊತ್ತಾಯಿತು. ಮೇ ತಿಂಗಳ ಕೊನೇ ಶನಿವಾರ. ಅದರ ಹಿಂದಿನ ಭಾನುವಾರ ಹಳೇ ಕಥೆಯ ಕೊನೆಯಾಟ.

ಅವತ್ತು ಗಾರೆಕ್ ವೆಲ್ಲಾಳ ದೋಣಿಯಲ್ಲಿ ಎದ್ದು ನಿಂತ. ನಾನೂ ಕುರ್ಚಿಯಿಂದ ಎದ್ದೆ.

“ವೆಲ್ಲಾ,” ಎಂದೆ, ಗಾರೆಕ್‌ನ ದೊಡ್ಡ ದನಿಯಲ್ಲಿ. “ಏಳು ಯುದ್ಧಗಳಲ್ಲಿ ನಡುಗದ ಈ ಕಾಲುಗಳು ನಿನ್ನ ದೋಣಿಯಲ್ಲಿ ನಡುಗುತ್ತಿವೆ. ಆದರೂ ನಿಂತಿದ್ದೇನೆ. ಈ ಕಂದೀಲು ಆರುವ ಮುನ್ನ ಹೇಳು, ನನ್ನ ಕೈ ಹಿಡಿಯುವೆಯಾ?”

ಕರ್ಟಿಸ್‌ನ ಚಿಪ್ಸ್ ಬಾಯಿಯ ಹತ್ತಿರವೇ ನಿಂತಿತು.

ಮಾರಿಟ್ ತಲೆ ತಗ್ಗಿಸಿದಳು. ಅವಳ ಬೆರಳು ಚೀಟಿಯ ಮಡಿಕೆಯ ಮೇಲೆ ಅತ್ತಿಂದಿತ್ತ ಓಡಾಡಿತು. ಚೀಟಿ ಅಲುಗಿತು, ತಿರುಗಲಿಲ್ಲ. ನನಗೆ ಕಾಣುತ್ತಿದ್ದ ಹೆಸರು ವೆಲ್ಲಾ.

“ಇಲ್ಲ ಗಾರೆಕ್,” ಎಂದಳು ಮೆಲ್ಲಗೆ. “ನಿನ್ನನ್ನು ಆಚೆ ದಡಕ್ಕೆ ಬಿಡುತ್ತೇನೆ. ಹುಟ್ಟು ನನ್ನದು, ಹೊಳೆ ನನ್ನದು. ನೀನು ಹೋಗಿ ಬಾ.”

ಹೇಳಿ, ತಲೆಯೆತ್ತಿ ನನ್ನನ್ನು ನೋಡಿದಳು. ಇನ್ನೂ ಏನೋ ಬಾಕಿ ಇದೆ ಎನ್ನುವಂತೆ ನೋಡುತ್ತಲೇ ಇದ್ದಳು. ನಾನು ರಬ್ಬರ್ ಹಿಡಿದು, ಗಾರೆಕ್‌ನ ಹಾಳೆಯಲ್ಲಿ ಅಳಿಸಲು ಏನೂ ಇಲ್ಲದ ಜಾಗವನ್ನು ಅಳಿಸುತ್ತ ಕೂತೆ. ಆಮೇಲೆ ಜಾಕೆಟ್ ಕೂಡ ಮರೆತು ಮನೆಗೆ ಹೋದೆ.

ಆ ವಾರ ದಿನಾ ಬೆಳಿಗ್ಗೆ ಸೇತುವೆಯ ಮುಂದೆ ವ್ಯಾನ್ ನಿಲ್ಲಿಸಿಕೊಂಡು ಕೂತಿರುತ್ತಿದ್ದೆ. ಸರೋವರದಿಂದ ಮಂಜು ಬಂದು ಬೀದಿಯನ್ನೆಲ್ಲ ಮೆತ್ತಗೆ ಮಾಡಿರುತ್ತಿತ್ತು. ವ್ಯಾನ್ ತುಂಬ ಬಿಸಿ ಬ್ರೆಡ್ಡಿನ ವಾಸನೆ. ಅದಿರು ತುಂಬಲು ಬಂದ ಹಡಗು ಮಂಜಿನೊಳಗಿಂದ ಕೂಗುತ್ತಿತ್ತು: ಒಂದು ಉದ್ದ, ಎರಡು ಗಿಡ್ಡ. ಮೇಲಿನಿಂದ ಮಾರಿಟ್ ಸೇತುವೆಯ ಹಾರ್ನಿನಲ್ಲಿ ಹಾಗೆಯೇ ಉತ್ತರ ಕೊಡುತ್ತಿದ್ದಳು: ಒಂದು ಉದ್ದ, ಎರಡು ಗಿಡ್ಡ. ಬಂದ ಪ್ರತಿಯೊಂದು ಹಡಗಿಗೂ ಅವಳ ಉತ್ತರ ಸಿಗುತ್ತದಲ್ಲ ಎಂದು ನನಗೆ ಹಡಗುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಇಷ್ಟು ಅಗಲದ ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು.

ಶುಕ್ರವಾರ ಲೋರ್ನಾ ಫೋನ್ ಮಾಡಿದರು.

“ನಾಳೆ ಹತ್ತಕ್ಕೆ. ನಿನ್ನ ಹೆಸರಲ್ಲಿ ಒಂದು ಪುಸ್ತಕ ಇದೆ.”

“ಗಂಟಲು ನೋವು ಲೋರ್ನಾ.”

“ಪುಸ್ತಕ ಗಂಟಲಲ್ಲಿ ಓದ್ತಾರೇನೋ? ಸುಮ್ನೆ ಬಾ. ನಿನ್ನ ಜಾಕೆಟ್ಟೂ ಇಲ್ಲೇ ಇದೆ.”

ಹೋದೆ. ಅಂಗಡಿಯ ಮುಂದೆ ಮೂಲೆಯವರೆಗೆ ಕ್ಯೂ. ಮಂತ್ರವಾದಿಯ ನಿಲುವಂಗಿ ತೊಟ್ಟ ಕರ್ಟಿಸ್ ಎಲ್ಲರಿಗೂ ಡೋನಟ್ ಹಂಚುತ್ತಿದ್ದ. ಹಲ್ಲಿನ ಡಾಕ್ಟರ್ ಡೋನಟ್ ಹಂಚುವುದು ವ್ಯಾಪಾರವೋ ಧರ್ಮವೋ ಎಂದು ಯಾರೋ ಕೇಳಿದರು. ಬಾಗಿಲು ತೆರೆಯಿತು, ಪೆಟ್ಟಿಗೆ ಒಡೆಯಿತು, ಹೊಸ ಶಾಯಿಯ ವಾಸನೆ ಅಂಗಡಿ ತುಂಬಿತು. ಜನ ಓದುವ ಮೊದಲು ಪುಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿದರು.

“ಅಂಬಿಗರಿದ್ದಾರೆ!” ಕರ್ಟಿಸ್ ಕಿರುಚಿದ. “ಪುಟ ನೂರಾ ಹನ್ನೆರಡು! ಗುರು, ಅಂಬಿಗರಿದ್ದಾರೆ ಕಣೋ!”

“ಒಳ್ಳೇದು,” ಎಂದು ಹಿಂದಿನಿಂದ ಮಾರಿಟ್ ಹೇಳಿದಳು. ಬೆಳಗಿನ ಜಾವದ ಪಾಳಿ ಮುಗಿಸಿ ನೇರ ಬಂದಿದ್ದಳು. ಕೆಲಸದ ಕಿತ್ತಳೆ ಜಾಕೆಟ್, ಕೂದಲಲ್ಲಿ ಮಂಜಿನ ಹನಿ. ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು, ನಾನು ನೋಡುತ್ತಲೇ ಇದ್ದೆ.

ಲೋರ್ನಾ ನಮ್ಮ ನಾಲ್ವರ ಮೇಜಿಗೆ ಕರೆದು ಮೂರು ಖಾಲಿ ರಟ್ಟು ಕೊಟ್ಟರು. “ಪಾತ್ರ ಆಮೇಲೆ. ಹೊಸ ಕಥೇಲಿ ನಿಮಗೆ ಏನು ಬೇಕು, ಏನು ಬೇಡ, ಮೊದಲು ಅದನ್ನ ಹೇಳಿ. ನಿಮ್ಮ ಸ್ವಂತ ಹೆಸರಲ್ಲಿ.” ಕಥೆ ಶುರುವಾಗುವ ಮುನ್ನ ಇದು ಎಲ್ಲ ಮೇಜುಗಳಲ್ಲೂ ನಡೆದುಬಂದ ಪದ್ಧತಿ.

“ನನಗೆ ಡ್ರ್ಯಾಗನ್ ಬೇಕು,” ಎಂದ ಕರ್ಟಿಸ್. “ಹಲ್ಲುನೋವಿರೋ ರಾಕ್ಷಸರು ಬೇಡ. ಭಾನುವಾರನಾದ್ರೂ ರಜಾ ಕೊಡಿ.”

ಮಾರಿಟ್ ರಟ್ಟನ್ನು ನಿಧಾನವಾಗಿ ಮಡಚಿದಳು. “ಏನು ಬೇಡ ಅಂತ ಮೊದಲು ಹೇಳ್ತೀನಿ. ನನ್ನ ಪಾತ್ರನ ಯಾರೂ ಮದುವೆ ಆಗ್ತೀಯಾ ಅಂತ ಕೇಳಬಾರದು.”

ಜಾಕೆಟ್‌ಗೆ ಕೈ ಹಾಕಿದೆ, ಎದ್ದು ಹೋಗೋಣವೆಂದು.

“ಕೂತ್ಕೋ ನೀಲ್ಸ್. ನಾನಿನ್ನೂ ಮುಗಿಸಿಲ್ಲ.”

ಅವಳು ಪೆನ್ನಿನಲ್ಲಿ ಒಂದು ಬದಿಗೆ ಮಾತ್ರ ಬರೆದು ಚೀಟಿಯನ್ನು ನನ್ನ ಮುಂದೆ ನಿಲ್ಲಿಸಿದಳು. ಮಾರಿಟ್.

“ಇಷ್ಟು ವರ್ಷ ಚೆನ್ನಾಗಿರೋದೆಲ್ಲ ವೆಲ್ಲಾಗೇ ಸಿಕ್ತು. ಹೂವು ಅವಳಿಗೆ, ಮಾತು ಅವಳಿಗೆ. ನನಗೆ ಚೀಸು. ಕೊನೆಗೆ ಆ ಒಂದು ‘ಹೂಂ’ ಅನ್ನೋದನ್ನೂ ಅವಳೇ ಹೇಳಿ, ತಗೊಂಡು ಡ್ರಾಯರ್ ಸೇರ್ಕೊಂಡ್ರೆ ನನಗೇನು ಉಳಿಯುತ್ತೆ? ಅದಕ್ಕೇ ಅವಳ ಬಾಯಲ್ಲಿ ಬೇಡ ಅಂತ ಹೇಳಿಸಿದೆ. ಹೇಳಿಸಿ ಕಾದೆ. ನೀನು ಈಗ ಚೀಟಿ ತಿರುಗಿಸ್ತೀಯ, ಈಗ ತಿರುಗಿಸ್ತೀಯ ಅಂತ. ನೀನು ನೋಡಿದ್ರೆ ರಬ್ಬರ್ ಹಿಡ್ಕೊಂಡು ಕೂತೆ!”

ಅವಳ ಕಣ್ಣು ತುಂಬಿತ್ತು. ಇವತ್ತು ಅದರ ಬಣ್ಣ ನೀಲಿ.

ನಾನು ರಟ್ಟು ಮಡಚಿದೆ. ನನ್ನದೇ ಹೆಸರು ಬರೆಯಲು ಅಷ್ಟು ಹೊತ್ತು ಯಾವತ್ತೂ ಹಿಡಿದಿರಲಿಲ್ಲ. ಅವಳ ಚೀಟಿಗೆ ಎದುರಾಗಿ ನಿಲ್ಲಿಸಿದೆ.

“ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ ಮಾರಿಟ್. ಮಾತೆಲ್ಲ ಗಾರೆಕ್ ಹತ್ರ ಇತ್ತು.”

“ಅವನು ಸ್ವಲ್ಪ ಜಾಸ್ತಿನೇ ಮಾತಾಡ್ತಿದ್ದ.”

“ನೀನಂದ್ರೆ ನಂಗೆ ತುಂಬಾ ಇಷ್ಟ. ನಾಲ್ಕು ವರ್ಷದಿಂದ. ಈ ಪುಸ್ತಕ ಬರೋದೇ ಬೇಡ ಅಂತ ಬೇಡ್ಕೊಂಡಿದ್ದೆ, ನಿನ್ನ ಜೊತೆ ಮಾತಾಡೋಕೆ ಗಾರೆಕ್ ಇರಲ್ಲ ಅಂತ. ನನ್ನ ಜೊತೆ ಇರ್ತೀಯಾ? ನನ್ನ ಜೊತೆ, ಅಂದ್ರೆ, ನೀಲ್ಸ್ ಜೊತೆ.”

ಕರ್ಟಿಸ್ ಮೆಲ್ಲಗೆ ದಾಳಕ್ಕೆ ಕೈ ಚಾಚಿದ. “ಒಂದ್ಸಲ ಉರುಳಿಸಿ ನೋಡೋಣ್ವಾ?”

“ಕರ್ಟಿಸ್,” ಎಂದರು ಲೋರ್ನಾ. “ಕೈ ಕಟ್ಟಿ ಕೂತ್ಕೋ.” ಐವತ್ತು ವರ್ಷದ ಡಾಕ್ಟರ್ ಕೈ ಕಟ್ಟಿ ಕೂತ.

ಮಾರಿಟ್ ಕೆನ್ನೆ ಒರೆಸಿಕೊಂಡು ನಕ್ಕಳು. “ಉತ್ತರ ಇಲ್ಲಿ ಕೊಡಲ್ಲ. ಈ ಮೇಜಿನ ಮೇಲೆ ಏನು ಹೇಳಿದ್ರೂ ಕಥೆ ಆಗಿಬಿಡುತ್ತೆ. ಸೋಮವಾರ ಬೆಳಿಗ್ಗೆ ಸೇತುವೆ ಹತ್ರ ಬಂದು ಹಾರ್ನ್ ಹೊಡಿ. ಹಡಗಿನ ಥರ.”

“ಬ್ರೆಡ್ ವ್ಯಾನ್‌ಗೆ ಉತ್ತರ ಕೊಡೋ ರೂಲ್ ಇದೆಯಾ?”

“ಇಲ್ಲ.”

ಹೊಸ ಕಥೆ ಮುಂದಿನ ವಾರಕ್ಕೆಂದು ಆ ಭಾನುವಾರ ಆಟವಿರಲಿಲ್ಲ, ದಿನ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಹೊಸ ಪುಸ್ತಕದ ಒಂದೇ ಪುಟವನ್ನು ದಿನವಿಡೀ ಓದಿದೆ.

ಸೋಮವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎತ್ತಿದ ಸೇತುವೆ ಅರ್ಧಕ್ಕೇ ಮಾಯವಾಗಿತ್ತು. ಕಾಣದ ಹಡಗು ಕೂಗಿತು, ಕಾಣದ ಅವಳು ಉತ್ತರ ಕೊಟ್ಟಳು. ಹಡಗಿನ ದೀಪಗಳು ಒಂದೊಂದಾಗಿ ದಾಟಿಹೋದವು. ಆಮೇಲೆ ಸೇತುವೆ ಬಲು ನಿಧಾನವಾಗಿ ಮಂಜಿನೊಳಗಿಂದ ಇಳಿಯತೊಡಗಿತು, ನಡುವಿನ ಕೋಣೆಯ ಹಳದಿ ಬೆಳಕಿನ ಸಮೇತ.

ನಾನು ಕಿಟಕಿ ಇಳಿಸಿ ಹಾರ್ನ್ ಒತ್ತಿದೆ. ಒಂದು ಉದ್ದ, ಎರಡು ಗಿಡ್ಡ. ನನ್ನ ವ್ಯಾನಿನದು ನೆಗಡಿಯಾದ ಬಾತುಕೋಳಿಯ ದನಿ. ಮುಂದಿನ ಕಾರಿನವರು ತಿರುಗಿ ನೋಡಿದರು.

ಸೇತುವೆ ರಸ್ತೆಯ ಮಟ್ಟಕ್ಕೆ ಬಂದು ನಿಂತಿತು. ಏನೂ ಕೇಳಿಸಲಿಲ್ಲ. ಗೇಟು ಇನ್ನೂ ಮುಚ್ಚಿತ್ತು.

ಕೋಣೆಯ ಕಿಟಕಿ ತೆರೆಯಿತು. ಸೊಂಟದವರೆಗೂ ಹೊರಗೆ ಬಾಗಿದ ಮಾರಿಟ್ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ತುಂಬಿಕೊಂಡು, ತನ್ನ ಸ್ವಂತ ಗಂಟಲಿನಲ್ಲಿ ಕೂಗಿದಳು:

“ಭೋಂಂಂಂಂ! ಭೋಂ! ಭೋಂ!”

ಪಕ್ಕದ ಸಾಲಿನ ಲಾರಿಯಿಂದ ಒಬ್ಬ ಮುದುಕ ತಲೆ ಹೊರಹಾಕಿದ. “ಏನಪ್ಪಾ ಅದು, ಹಾರ್ನ್ ಕೆಟ್ಟೋಯ್ತಾ?”

“ಇಲ್ಲ ಯಜಮಾನ್ರೇ,” ಎಂದೆ. “ಅದು ನನಗೆ.”

ಗೇಟು ಮೇಲೆದ್ದಿತು. ನಾನು ಕೋಣೆಯ ಕೆಳಗೆ ಹಾದುಹೋಗುವಾಗ ಅವಳು ಇನ್ನೂ ಕಿಟಕಿಯಲ್ಲೇ ಇದ್ದಳು, ಕಿವಿ ಎರಡೂ ಕೆಂಪಗೆ.