ಅಪ್ಪನ ಇನ್ನೊಂದು ಪೈಥಾನ್

ಗಣಿತದ ಮೇಷ್ಟ್ರು ತೀರಿಹೋದ ಸುದ್ದಿ ಮಗಳಿಗೆ ಮುಟ್ಟಿದ್ದು ಬೆಳಗಿನ ಎರಡನೆಯ ಪೀರಿಯಡ್ಡಿನಲ್ಲಿ. ಅವಳೂ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

ಸುದ್ದಿ ತಂದವನು ಅಪ್ಪನ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಖುದ್ದಾಗಿ ಬಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಎರಡು ವರ್ಷದಿಂದ ಅವನು ಮನೆಗೆ ಬಂದು ಹೋಗುತ್ತಿದ್ದ. ಅವಳು ಬಾಗಿಲು ತೆಗೆದರೆ ಸಾಕು, ಅವನ ಮಾತು ತಡವರಿಸುತ್ತಿತ್ತು. ಅಪ್ಪ ಕನ್ನಡಕದ ಮೇಲಿನಿಂದ ನೋಡಿ ನಗುತ್ತಿದ್ದರು.

ಹದಿನೈದು ದಿನದ ಮೇಲೆ ಗಣಿತ ಪತ್ರಿಕೆಯವರ ಕಾಗದ ಬಂತು. ಅಪ್ಪನ ಕೊನೆಯ ಲೇಖನದ ಲೆಕ್ಕವನ್ನು ಇನ್ನೊಮ್ಮೆ ನಡೆಸಿ ತೋರಿಸಿದರೆ ಮಾತ್ರ ಅಚ್ಚು ಹಾಕುತ್ತಾರಂತೆ. ಅವಳು ಅಪ್ಪನ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆದು, ಆ ಲೆಕ್ಕ ಮಾಡುವ ಅವರ ಪ್ರೋಗ್ರಾಮನ್ನು ಹೆಸರು ಹಿಡಿದು ಕರೆದಳು. ಅಂಥದ್ದು ಇಲ್ಲ ಎಂಬ ಉತ್ತರ ಬಂತು. ಎಷ್ಟು ಸಲ ಕರೆದರೂ ಅದೇ ಉತ್ತರ...

ಹೋದ ತಿಂಗಳು ಕಂಪ್ಯೂಟರನ್ನು ಕ್ಲೀನ್ ಮಾಡಿಕೊಟ್ಟವನು ಆ ಲ್ಯಾಬಿನವನೇ ಅಲ್ಲವೆ?

"ನಮ್ಮಪ್ಪನ ಹತ್ತು ವರ್ಷದ ಕೆಲಸ ಅಳಿಸಿಹಾಕಿದ್ರಿ. ಇನ್ನು ಈ ಮನೆಗೆ ಬರಬೇಡಿ," ಎಂದು ಉತ್ತರಕ್ಕೂ ಕಾಯದೆ ಫೋನ್ ಇಟ್ಟಳು.

ಮಾರನೆಯ ಸಂಜೆ ಅವನು ಬಂದೇಬಿಟ್ಟ. ಓಡಿಹೋಗಲು ಅನುಕೂಲವಾಗಲೆಂಬಂತೆ ಚಪ್ಪಲಿಯನ್ನು ಹೊರಮುಖವಾಗಿ ಬಿಟ್ಟಿದ್ದ.

"ಬಾರಪ್ಪ, ಅವಳೇನೂ ಕಚ್ಚಲ್ಲ," ಎಂದು ಮನೆಯಲ್ಲಿದ್ದ ಸೋದರತ್ತೆ ಒಳಗೆ ಕರೆದರು.

ಎಲ್ಲಿ ಹುಡುಕಿದಿರಿ ಎಂದು ಅವನು ಕೇಳಿದ. ಪೈಥಾನಿನಲ್ಲೇ, ಇನ್ನೆಲ್ಲಿ ಎಂದು ಅವಳು ಸಿಡುಕಿದಳು.

"ಯಾವ ಪೈಥಾನಿನಲ್ಲಿ?"

ಅವಳು ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು.

ಅಪ್ಪ ಬಳಸುತ್ತಿದ್ದ ಗಣಿತದ ಸಾಫ್ಟ್‌ವೇರ್ ಕಂಪ್ಯೂಟರಿನ ಪೈಥಾನನ್ನು ಮುಟ್ಟುವುದೇ ಇಲ್ಲ, ತನ್ನದೇ ಬೇರೊಂದನ್ನು ಹೊತ್ತು ತರುತ್ತದೆ, ಮೇಷ್ಟ್ರ ಪ್ರೋಗ್ರಾಮ್ ಅದರೊಳಗಿದೆ ಎಂದು ಅವನು ಬಿಡಿಸಿ ಹೇಳಿದ.

"ಅಂದ್ರೆ ಒಂದೇ ಮನೇಲಿ ಎರಡು ಅಡುಗೆಮನೆ," ಎಂದರು ಅತ್ತೆ. "ಅಲ್ಲಿಟ್ಟ ಡಬ್ಬ ಇಲ್ಲಿ ಹುಡುಕಿದ್ರೆ ಸಿಗುತ್ತೇನೇ?"

ಅವನು ಆ ಸಾಫ್ಟ್‌ವೇರನ್ನು ತೆರೆದು, ಅದೇ ಹೆಸರನ್ನು ಟೈಪ್ ಮಾಡಿದ. ಪರದೆಯ ಮೇಲೆ ಮೊದಲು ಅಪ್ಪ ಬರೆದಿಟ್ಟ ಒಂದು ಸಾಲು ಮೂಡಿತು.

'ಮಗಳೇ, ಇದು ಎಲ್ಲಿದೆ ಎಂದು ಲ್ಯಾಬಿನವನಿಗೆ ಗೊತ್ತು. ನಿನ್ನೆದುರು ಬಾಯಿ ಬಿಡುವುದು ಮಾತ್ರ ಗೊತ್ತಿಲ್ಲ.'

ಅದರ ಕೆಳಗೆ ಅಂಕಿಗಳು ಒಂದೊಂದಾಗಿ ಇಳಿದವು. ಲೇಖನದ ಅಂಕಿಗಳೊಂದಿಗೆ ಎಲ್ಲವೂ ಸರಿಹೋದವು. ಅವಳ ಕಣ್ಣು ತುಂಬಿ ಬಂತು. ಅತ್ತೆ ಏನೋ ನೆನಪಾದವರಂತೆ ಒಳಗೆ ಹೋದರು.

"ಅಪ್ಪ ಬರೆದದ್ದು ನಿಜವಾ?"

"ನಿಜ... ಎರಡು ವರ್ಷದಿಂದ ನಿಮಗೋಸ್ಕರವೇ ಬರ್ತಿದ್ದೆ. ಬರಬೇಡಿ ಅಂದುಬಿಟ್ರಿ."

"ಸರಿ, ಬರಬೇಡಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಹೋದ್ರೆ ತಾನೇ ಬರೋದು. ಹೋಗಲೇಬೇಡಿ."

ಆಮೇಲೆ ಅಪ್ಪನ ಖಾಲಿ ಕುರ್ಚಿಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ದೇವರೇ, ನಮ್ಮಪ್ಪನ ಆತ್ಮಕ್ಕೆ ಶಾಂತಿ ಕೊಡು. ಅವರ ಲೆಕ್ಕ ತಪ್ಪಲಿಲ್ಲವೆಂದು ಅವರಿಗೆ ತಿಳಿಸು.