ಲೇಖನದ ಪೆಟ್ಟಿಗೆಯ ಬೀಗದ ಕೈ

ಆ ಎರಡು ಸಾಲು ಬರೆದದ್ದಕ್ಕೆ ಉಪಸಂಪಾದಕ ಮುಕುಂದ ಆಮೇಲೆ ಪಟ್ಟ ನಾಚಿಕೆ ಅಷ್ಟಿಷ್ಟಲ್ಲ. 'ರಿಪ್ಪನ್‌ಪೇಟೆಯ ಲೇಖಕರಿಗೆ ನಾವು ಬೇಡವಾಗಿದ್ದೇವೆ. ಊರು ಬದಲಾದರೆ ಸ್ನೇಹವೂ ಮುಗಿಯಿತೇ?' ಎಂದು ಓದುಗರ ಪುಟದಲ್ಲಿ ಅಚ್ಚು ಹಾಕಿಸಿದ್ದ. ಎಲ್ಲರ ಹೆಸರಿನಲ್ಲಿ ಬೈದದ್ದು ಒಬ್ಬಳನ್ನೇ, ವರದಾಳನ್ನು.

ಅವಳು ರಿಪ್ಪನ್‌ಪೇಟೆಯಲ್ಲಿ ಹೊಲಿಗೆ ಕಲಿಸುವ ಟೀಚರ್. ವಾರಕ್ಕೊಂದು ನಗೆಬರಹ ಕಳಿಸುತ್ತಿದ್ದಳು. ಅಂಚಿನಲ್ಲಿ 'ಉಪಸಂಪಾದಕರು ಊಟವಾದ ಮೇಲೆ ಓದುವುದು' ಎಂಬಂಥ ಒಂದು ಕೀಟಲೆ. ಅವನು ಮೊದಲು ಅಂಚನ್ನೇ ಓದುತ್ತಿದ್ದ. 1979ರ ಬೇಸಿಗೆಯಲ್ಲಿ ವಾರಪತ್ರಿಕೆಯ ಕಚೇರಿ ತೀರ್ಥಹಳ್ಳಿಯಿಂದ ಸಾಗರಕ್ಕೆ ಬಂತು, ಎಲ್ಲ ನಿಂತಿತು. ಅವಳದಷ್ಟೇ ಅಲ್ಲ, ಆ ಊರಿಂದ ಒಂದು ಚೀಟಿಯೂ ಇಲ್ಲ.

"ಬೈದದ್ದು ಸಾಕು ಮಾರಾಯ. ಎಲ್ಲಿ ತಪ್ಪಿದೆ ಹುಡುಕು," ಎಂದರು ಸಂಪಾದಕ ನಾರಾಯಣಮೂರ್ತಿ.

ಟಪಾಲು ತಲುಪುತ್ತದೆಯೇ ನೋಡಲು ಮುಕುಂದ ತನಗೆ ತಾನೇ ಕಾಗದ ಬರೆದು ತೀರ್ಥಹಳ್ಳಿ, ಹೊಸನಗರಗಳಿಂದ ಪೋಸ್ಟ್ ಮಾಡಿಸಿದ. ಎರಡೂ ಬಂದವು. ಆದರೆ ರಿಪ್ಪನ್‌ಪೇಟೆಯವರು ಪೋಸ್ಟಿಗೆ ಹಾಕಿದ್ದಾದರೂ ಯಾವಾಗ? ಬಸ್ ಸ್ಟ್ಯಾಂಡಿನಲ್ಲಿ ಗುತ್ಯಮ್ಮನ ಹೋಟೆಲಿನ ಗೋಡೆಗೆ ಪತ್ರಿಕೆಯದೇ ಒಂದು ಪೆಟ್ಟಿಗೆಯಿತ್ತು. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಬೆಳ್ಳಪ್ಪ ಅದರ ಬೀಗ ತೆಗೆದು ಎಲ್ಲವನ್ನೂ ತರುತ್ತಿದ್ದ. ಪತ್ರಿಕೆ ತೀರ್ಥಹಳ್ಳಿ ಬಿಡುವಾಗ ಅವನು ಬೀಗದ ಕೈ ಹಿಂದಕ್ಕೆ ಕೊಟ್ಟಿದ್ದ. "ಸಾಗರದ ಬಸ್ಸಿನವ್ರಿಗೆ ನಾನೇ ಕೊಡ್ತೀನಿ," ಎಂದಿದ್ದವನು ಮುಕುಂದ.

ಓಡಿ ಹೋಗಿ ನೋಡಿದ. ಇನ್ನೂ ಬಿಚ್ಚದ ಟ್ರಂಕಿನಲ್ಲಿ, ಅಚ್ಚುಮೊಳೆಗಳ ಡಬ್ಬಿಯೊಳಗೆ ಅದು ತಣ್ಣಗೆ ಕೂತಿತ್ತು.

ಮಾರನೆಯ ಬೆಳಿಗ್ಗೆ ರಿಪ್ಪನ್‌ಪೇಟೆಗೆ ಹೋಗಿ ಪೆಟ್ಟಿಗೆ ತೆರೆದರೆ ಕವರುಗಳು ಅವನ ಕಾಲ ಮೇಲೆ ಸುರಿದವು. "ನಾಲ್ಕು ತಿಂಗ್ಳಿಂದ ತುರುಕ್ತಾನೇ ಇದ್ರು. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ನಾನೇ ಹೇಳ್ತಿದ್ದೆ," ಎಂದಳು ಗುತ್ಯಮ್ಮ. ಅವನು ಬಗ್ಗಿ ಒಂದೊಂದೇ ಆಯ್ದು ಕಟ್ಟಿಕೊಂಡ.

ವರದಾಳ ಕವರು ಒಂಬತ್ತು. ಕೊನೆಯದರ ಮೇಲೆ 'ಪ್ರಕಟಣೆಗಲ್ಲ' ಎಂದಿತ್ತು. ಒಳಗೆ ನಾಲ್ಕೇ ಸಾಲು. 'ನಗೆಬರಹವೆಲ್ಲ ನೆಪ. ನೀವು ಬಂದು ಅಪ್ಪಯ್ಯನ ಹತ್ತಿರ ಕೇಳುವುದಾದರೆ ನನಗೆ ಒಪ್ಪಿಗೆ. ಉತ್ತರ ಬಾರದಿದ್ದರೆ ಪತ್ರಿಕೆಯ ನಿಯಮದಂತೆ ತಿಳಿದುಕೊಳ್ಳುತ್ತೇನೆ.'

ಆ ನಿಯಮ ಬರೆದವನೂ ಮುಕುಂದನೇ. ನಾಲ್ಕು ವಾರದಲ್ಲಿ ಉತ್ತರ ಬಾರದಿದ್ದರೆ ತಿರಸ್ಕೃತವೆಂದು ತಿಳಿಯತಕ್ಕದ್ದು. ಕಾಗದ ಬರೆದು ಆರು ವಾರವಾಗಿತ್ತು.

ಹೊಲಿಗೆ ತರಗತಿಯ ಬಾಗಿಲಲ್ಲಿ ಅವನನ್ನು ಕಂಡು ವರದಾ ಮೆಷಿನ್ನಿನ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು. ಒಬ್ಬಳೇ ಇದ್ದಳು.

"ಬಂದ್ರಾ? ಇನ್ನೂ ಎಂತ ಬೈಯೋದು ಬಾಕಿ ಇತ್ತು?"

"ತಪ್ಪು ನಂದು. ಬೀಗದ ಕೈ ನನ್ನ ಹತ್ರಾನೇ ಇತ್ತು, ಮರ್ತೇಬಿಟ್ಟೆ. ನಿಮ್ಮ ಕಾಗದ ಈಗಷ್ಟೇ ಓದಿದೆ."

ಅವಳ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಸೂಜಿ ಬಿಟ್ಟು ಮೇಲೆ ಏಳಲಿಲ್ಲ. "ಭಾನುವಾರ ಕಾರ್ಗಲ್‌ನವ್ರು ನನ್ನ ನೋಡಕ್ಕೆ ಬರ್ತಿದಾರೆ. ಆಗ್ಲಿ ಅಂದಿದೀನಿ."

"ಬೇಡ ಅನ್ನಿ ಅಂತ ಹೇಳಕ್ಕೆ ನಂಗೆ ಮುಖ ಇಲ್ಲ. ಆದ್ರೆ ನೀವಂದ್ರೆ ನಂಗೆ ಪ್ರಾಣ. ಇದನ್ನೂ ಒಳಗೇ ಇಟ್ಕೊಂಡ್ರೆ ಇನ್ನೊಂದು ತಪ್ಪಾಗುತ್ತೆ."

ವರದಾ ದಾರ ಕಚ್ಚಿ ತುಂಡು ಮಾಡಿದಳು. ಆಮೇಲೆ ಅವನ ಕಂಕುಳಿನ ಕಟ್ಟಿನತ್ತ ಗದ್ದದಿಂದ ಸನ್ನೆ ಮಾಡಿದಳು. "ಉಳಿದವ್ರದ್ದು ಎಂತ ಮಾಡ್ತೀರಿ? ಅವ್ರೂ ಕಾದಿದಾರೆ."

"ಒಬ್ಬೊಬ್ಬರ ಮನೆಗೂ ಹೋಗಿ ತಪ್ಪೊಪ್ಕೋತೀನಿ. ಈ ವಾರದ ಪುಟದಲ್ಲೂ ನನ್ನ ಹೆಸರು ಹಾಕೇ ಬರೀತೀನಿ."

"ಬೀಗದ ಕೈ ಇಲ್ಲಿ ಕೊಡಿ." ಅವಳು ಅಂಗೈ ಚಾಚಿದಳು. "ನಿಮ್ಮನ್ನ ನಂಬಕ್ಕಾಗಲ್ಲ."

ಅವನು ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಮತ್ತೊಮ್ಮೆ ಎಳೆದು ನೋಡಿದಳು. ಆಗ ಕಣ್ಣೆತ್ತಿದಳು.

"ಎಲ್ಲರ ಮನೆಗೂ ಹೋಗ್ತೀರಲ್ಲ, ನಮ್ಮನೆಯಿಂದ ಶುರು ಮಾಡಿ. ಅಪ್ಪಯ್ಯ ಊಟಕ್ಕೆ ಬಂದಿರ್ತಾರೆ. ಕಾರ್ಗಲ್‌ನವ್ರಿಗೂ ಬರೋದು ಬೇಡ ಅಂತ ಇವತ್ತೇ ಹೇಳಿ ಕಳಿಸ್ಬೇಕಲ್ಲ."