ಕಳ್ಳನಿಗೆ ಎಲೆ ಇಲ್ಲ

ನಾನು ದೆವ್ವವನ್ನು ನಂಬುವವಳಲ್ಲ. ನಮ್ಮ ಚಿಕ್ಕಪ್ಪನ ಮಗ ಮಧ್ವೇಶನ ಬಡಾಯಿಯನ್ನಂತೂ ಮೊದಲಿಂದಲೂ ನಂಬುವವಳಲ್ಲ. 2007ರಲ್ಲಿ ಸಿಂಗಾಪುರದ ಟ್ಯಾಂಪಿನೀಸಿನಲ್ಲಿ ಕಾಂಡೋ ಫ್ಲಾಟು ಕೊಂಡದ್ದೇ ತಡ, ಅವನಿಗೊಬ್ಬ ವೀರ ಪೂರ್ವಜ ಬೇಕಾದ. ಬ್ರಿಟಿಷರು ಮೈಸೂರು ಸೀಮೆಯಿಂದ ಕೈದಿಯಾಗಿ ಸಿಂಗಾಪುರಕ್ಕೆ ಸಾಗಿಸಿದ್ದ ನಮ್ಮ ಮುತ್ತಜ್ಜನ ತಂದೆ ವೆಂಕಣ್ಣ ದೊಡ್ಡ ಬಂಡಾಯಗಾರನೆಂದು ಗೃಹಪ್ರವೇಶದ ಕರೆಯೋಲೆಯಲ್ಲಿ ಅಚ್ಚು ಹಾಕಿಸಲು ಹೊರಟ. ಅಷ್ಟರಲ್ಲಿ ವೆಂಕಣ್ಣನ ಹಳೆಯ ಜೈಲು ಕಡತ ಸಿಕ್ಕಿತು: ಹಿತ್ತಾಳೆ ತಂಬಿಗೆ ಕದ್ದವನು, ಕಾಲಿಗೆ ಸರಪಳಿ, ಸುಣ್ಣ ಅರೆಯುವ ಕೆಲಸ. ಆಮೇಲೆ ಮಧ್ವೇಶ ಆ ಹೆಸರೆತ್ತಲಿಲ್ಲ.

“ವೆಂಕಣ್ಣನಿಗೂ ಒಂದು ಎಲೆ ಹಾಕೋಣ ಕಣೋ,” ಎಂದೆ.

“ಸುಮ್ನಿರಕ್ಕ, ಬರೋರೆಲ್ಲ ಬ್ಯಾಂಕಿನೋರು. ಕಳ್ಳನಿಗೆ ನನ್ ಮನೇಲಿ ಎಲೆ ಇಲ್ಲ.”

ಗೃಹಪ್ರವೇಶದ ದಿನ ಮಟಮಟ ಮಧ್ಯಾಹ್ನ ಹದಿನಾರು ಜನಕ್ಕೆ ನಾನೇ ಎಣಿಸಿ ಹದಿನಾರು ಎಲೆ ಹಾಕಿದೆ. ಬಡಿಸುತ್ತಾ ಹೋದಂತೆ ಮಾರ್ಬಲ್ ನೆಲ ಒಂದು ಕಡೆ ಮಾತ್ರ ಕಾಲು ಕೊರೆಯುವಷ್ಟು ತಣ್ಣಗಿತ್ತು. ಪೇಂಟು ಬಳಿದ ಹೊಸ ಮನೆಯಲ್ಲಿ ಹಸಿ ಸುಣ್ಣದ ವಾಸನೆ. ಯಾರೋ ಕಬ್ಬಿಣ ಎಳೆದುಕೊಂಡು ನಡೆದ ಸದ್ದಾಯಿತು. ಮಧ್ವೇಶ “ಏಸಿ” ಎಂದ.

ಊಟವಾಗಿ ಎಲೆ ತೆಗೆದರೆ ಹದಿನೇಳು. ಬಡಿಸಿದವಳು ನಾನೊಬ್ಬಳೇ, ಆ ಕೊನೆಯ ಎಲೆಗೆ ಬಡಿಸಿದ ನೆನಪಿಲ್ಲ. ಅದರಲ್ಲಿ ಒಂದಗುಳೂ ಉಳಿದಿರಲಿಲ್ಲ. ಪಕ್ಕದಲ್ಲಿ ಹಳೆಯ ಹಿತ್ತಾಳೆ ತಂಬಿಗೆ, ತುಂಬ ನೀರು.

ಯಾರದೆಂದು ಕೇಳಿದರೆ ಎಲ್ಲರೂ ತಮ್ಮದಲ್ಲವೆಂದರು. ಮಧ್ವೇಶ ಮಾತ್ರ, “ಆಂಟಿಕ್ ಪೀಸ್ ಅಕ್ಕ, ನಂದೇ,” ಎಂದು ಶೋಕೇಸಿನಲ್ಲಿಟ್ಟುಕೊಂಡ.

ದಿನಾ ಸಂಜೆ ನೀರು ಚೆಲ್ಲಿ, ಒರೆಸಿ, ಬೀಗ ಹಾಕುತ್ತಾನೆ. ಬೆಳಿಗ್ಗೆ ಅದು ತುಂಬಿರುತ್ತದೆ.